ಕೊಟ್ಟಿಗೆಯ ಕ್ಯಾಲ್ಸಿಯಂ ಲೆಕ್ಕ

ಸಾಗರದ ಪೇಟೆಯಲ್ಲಿ ದನದ ಔಷಧಿ ಅಂಗಡಿ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ, ಒಳ್ಳೇ ಟೈಂಪಾಸು. ಬರುವವರಲ್ಲಿ ಅರ್ಧ ಜನ ಕೇಳುವುದು ಒಂದೇ. "ಒಂದು ಕ್ಯಾಲ್ಸಿಯಂ ಕೊಡಿ". ದನ ಹಾಲು ಕಡಿಮೆ ಮಾಡಿದರೆ ಕ್ಯಾಲ್ಸಿಯಂ, ಬೆದೆಗೆ ಬರದಿದ್ದರೆ ಕ್ಯಾಲ್ಸಿಯಂ, ಕರು ಸೊರಗಿದರೆ ಕ್ಯಾಲ್ಸಿಯಂ, ಮಾಸು ಬೀಳದಿದ್ದರೂ ಕ್ಯಾಲ್ಸಿಯಂ. ಅಂಗಡಿಯವರು ಹಿಂದಕ್ಕೆ ತಿರುಗಿದರೆ ಗೋಡೆ ತುಂಬ ಬಾಟಲಿ, ಕ್ಯಾನು, ಪುಡಿಯ ಪ್ಯಾಕೆಟ್ಟು. ಎಲ್ಲದರ ಮೇಲೂ ಒಂದು ದಷ್ಟಪುಷ್ಟ ಕಪ್ಪು-ಬಿಳಿ ದನ, ಅದರ ಹಿಂದೆ ಕಣ್ಣು ಹಾಯುವಷ್ಟು ಹಸಿರು ಹುಲ್ಲುಗಾವಲು. ನಮ್ಮ ಹೊಸನಗರ ತಾಲೂಕಿನಲ್ಲಿ ಅಂಥ ಹುಲ್ಲುಗಾವಲನ್ನು ನಾನಂತೂ ನೋಡಿಲ್ಲ ಬಿಡಿ.

ನಾನು ಬೆಂಗಳೂರಿನಲ್ಲಿ ಕೋಡು ಬರೆದು ಹೊಟ್ಟೆ ಹೊರೆಯುವವನು. ಊರಿಗೆ ಹೋದಾಗ ಅಮ್ಮನ ಲಿಸ್ಟು ಹಿಡಿದುಕೊಂಡು ಸಾಗರಕ್ಕೆ ಹೋಗಿ ಬರುವುದು ನನ್ನ ಪಾಲಿನ ಕೆಲಸ. ಲಿಸ್ಟಿನಲ್ಲಿ ಯಾವಾಗಲೂ ಒಂದು ಸಾಲು ಇರುತ್ತದೆ: "ದನಕ್ಕೆ ಟಾನಿಕ್ಕು". ಯಾವ ಟಾನಿಕ್ಕು ಅಂತ ಇರುವುದಿಲ್ಲ. ಅಂಗಡಿಯವರು ಯಾವುದು ಕೊಡುತ್ತಾರೋ ಅದು. ಇಂಜಿನಿಯರಿಂಗ್ ಓದಿದ ದೋಷವೋ ಏನೋ, ನನಗೆ ಯಾವ ಡಬ್ಬ ಕೈಗೆ ಬಂದರೂ ಅದರ ಹಿಂದಿನ ಸಣ್ಣ ಅಕ್ಷರ ಓದುವ ಚಟ. ಈ ಚಟದಿಂದ ಎರಡು ವರ್ಷದಲ್ಲಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಡಾಕ್ಟರಲ್ಲ, ಕಾಯಿಲೆ ಬಿದ್ದ ದನಕ್ಕೆ ಇದನ್ನು ಓದಿ ಔಷಧಿ ಮಾಡಬೇಡಿ. ಆರೋಗ್ಯವಾಗಿರುವ ದನಕ್ಕೆ ಅಂಗಡಿಯಿಂದ ಏನು ತರಬೇಕು, ಏನು ತರಬಾರದು ಅನ್ನುವುದಷ್ಟೇ ಇಲ್ಲಿರುವ ವಿಷಯ.

ಮೊದಲು ನಮ್ಮ ಕೊಟ್ಟಿಗೆ ಪರಿಚಯ. ಈಗ ಇರುವುದು ಎರಡೇ ದನ. ಒಂದು ಚುಕ್ಕಿ, ಮಲೆನಾಡು ಗಿಡ್ಡ. ಇನ್ನೊಂದು ಕೆಂಪಿ, ಜರ್ಸಿ ಕ್ರಾಸು. ಅಪ್ಪ ಹೋದ ಮೇಲೆ ತೋಟವನ್ನು ಚಿಕ್ಕಪ್ಪನ ಜೊತೆ ಸೇರಿ ನೋಡಿಕೊಳ್ಳುತ್ತೇವೆ, ಆದರೆ ಕೊಟ್ಟಿಗೆ ಪೂರ್ತಿ ಅಮ್ಮನದ್ದು. ಡೈರಿಯಿಂದ ಬರುವ ಹಾಲಿನ ದುಡ್ಡೂ ಅಮ್ಮನದ್ದೇ. ನಾನು ತಿಂಗಳು ತಿಂಗಳು ಕಳಿಸುವ ದುಡ್ಡು ಬ್ಯಾಂಕಿನಲ್ಲಿ ಹಾಗೇ ಇರುತ್ತದೆ, ಕೆಂಪಿಯ ದುಡ್ಡು ಮಾತ್ರ ಖರ್ಚಾಗುತ್ತದೆ. ಯಾಕೆ ಅಂತ ಕೇಳಿದರೆ "ಅದು ನಂದು" ಅನ್ನುತ್ತಾರೆ.

ಅಜ್ಜನ ಕಾಲದಲ್ಲಿ ಹದಿನೈದು ಇಪ್ಪತ್ತು ಗಿಡ್ಡ ದನಗಳಿದ್ದವಂತೆ. ಬೆಳಿಗ್ಗೆ ಬಿಟ್ಟರೆ ಬ್ಯಾಣ, ಸೊಪ್ಪಿನ ಬೆಟ್ಟ ಎಲ್ಲಾ ಸುತ್ತಿ ಸಂಜೆ ಕೊಟ್ಟಿಗೆಗೆ. ಒಂದೊಂದು ದನ ಕೊಡುತ್ತಿದ್ದದ್ದು ಒಂದೆರಡು ಲೀಟರು ಹಾಲು, ಅದರಲ್ಲೂ ಕರುವಿಗೆ ಪಾಲು. ಅವಕ್ಕೆ ಯಾರೂ ಟಾನಿಕ್ಕು ಕುಡಿಸಿದವರಲ್ಲ. ಅಕ್ಕಚ್ಚಿಗೆ ಒಂದು ಮುಷ್ಟಿ ಉಪ್ಪು ಹಾಕಿ ಕೊಟ್ಟರೆ ಮುಗಿಯಿತು. ಅದನ್ನೇ ಹಿಡಿದುಕೊಂಡು ನಮ್ಮೂರಿನ ಹಿರಿಯರು "ಆಗ ಎಂಥ ಕ್ಯಾಲ್ಸಿಯಂ ಇತ್ತು ಮಾರಾಯಾ?" ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಉತ್ತರವೂ ಅದರಲ್ಲೇ ಇದೆ. ಆ ದನದ ಮೈಯಿಂದ ಹೊರಗೆ ಹೋಗುತ್ತಿದ್ದದ್ದು ಕಡಿಮೆ, ಬಾಯಿಗೆ ಹೋಗುತ್ತಿದ್ದದ್ದು ನೂರು ಬಗೆ. ಬೇರು ಆಳಕ್ಕಿಳಿದ ಮರದ ಸೊಪ್ಪು, ಬಳ್ಳಿ, ಹುಲ್ಲು, ಎಲ್ಲದರಿಂದ ಸ್ವಲ್ಪ ಸ್ವಲ್ಪ.

ಈಗ ಕೆಂಪಿಯ ಮೆನು ನೋಡಿ. ಒಣ ಹುಲ್ಲು, ತೌಡು, ಹಿಂಡಿ, ತೋಟದಲ್ಲಿ ಕೊಯ್ದ ಹಸಿ ಹುಲ್ಲು, ಒಮ್ಮೊಮ್ಮೆ ಅಡಿಕೆ ಹಾಳೆ. ಅಷ್ಟೇ. ಬೆಟ್ಟಕ್ಕೆ ಬಿಡುವುದನ್ನು ನಾವು ನಿಲ್ಲಿಸಿ ವರ್ಷಗಳಾದವು. ಕಾಯುವವರಿಲ್ಲ ಅನ್ನುವುದು ಒಂದು ಕಾರಣ. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಲಗೋಡಿನಲ್ಲಿ ಮಂಗನ ಕಾಯಿಲೆ ಎದ್ದಿತಲ್ಲ, ಉಣುಗಿನ ಭಯಕ್ಕೆ ಆಮೇಲೆ ಅಮ್ಮ ಯಾವ ದನವನ್ನೂ ಕಾಡಿಗೆ ಬಿಟ್ಟಿಲ್ಲ. ಬಾಯಿಗೆ ಬರುವುದು ಐದೇ ಬಗೆ, ಕೊಡಬೇಕಾದ್ದು ದಿನಕ್ಕೆ ಹತ್ತು ಲೀಟರು ಹಾಲು.

ಅದರ ಮೇಲೆ ನಮ್ಮ ಮಳೆ. ಹುಲಿಕಲ್, ಮಾಸ್ತಿಕಟ್ಟೆ ಕಡೆ ಹೊಯ್ಯುವ ಮಳೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಸಾವಿರಾರು ವರ್ಷ ಹೀಗೆ ಹೊಯ್ದ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೊಳೆಗೆ ಸೇರಿಸಿದೆ. ಉಳಿದದ್ದು ಹುಳಿ ಮಣ್ಣು. ಅದರಲ್ಲಿ ಕಬ್ಬಿಣ ಬೇಕಾದಷ್ಟು, ಕ್ಯಾಲ್ಸಿಯಂ ಕಡಿಮೆ. ರಂಜಕ ಇದ್ದರೂ ಕಬ್ಬಿಣವೇ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅದಕ್ಕೇ ತಾನೇ ತೋಟಕ್ಕೆ ಸುಣ್ಣ ಹಾಕುವುದು? ಮಣ್ಣಿನಲ್ಲಿ ಇಲ್ಲದ್ದು ಹುಲ್ಲಿನಲ್ಲಿ ಹೇಗೆ ಬರಬೇಕು!

ಈಗ 2023ರ ಜುಲೈಗೆ ಬರುತ್ತೇನೆ. ಕೆಂಪಿಯ ಮೂರನೇ ಕರು. ಗಬ್ಬದ ಕೊನೇ ತಿಂಗಳು ಪೂರ್ತಿ ಅಮ್ಮ ಊರಿನವರೆಲ್ಲ ಮಾಡುವ ಹಾಗೆ ದಿನಾ ಕ್ಯಾಲ್ಸಿಯಂ ಕುಡಿಸಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ. ಮಧ್ಯಾಹ್ನ ಹೆಣ್ಣು ಕರು ಹಾಕಿತು, ಮಾಸೂ ಬಿತ್ತು, ಎಲ್ಲ ಸರಿ ಅಂದುಕೊಂಡರು. ಮರುದಿನ ಬೆಳಗಿನ ಜಾವ ನನಗೆ ಫೋನು. "ಏಳ್ತಾನೇ ಇಲ್ಲ ಮಾರಾಯಾ. ಕಿವಿ ಮುಟ್ಟಿದ್ರೆ ತಣ್ಣಗದೆ. ಕುತ್ತಿಗೆ ತಿರುಗಿಸಿ ಹೊಟ್ಟೆ ಮೇಲೆ ಇಟ್ಕಂಡದೆ." ಹೊರಗೆ ಮಳೆ ಹೊಡೆತ, ಎರಡು ದಿನದಿಂದ ಕರೆಂಟಿಲ್ಲ, ಮನೆಯ ಹಿಂದಿನ ದರೆ ಹತ್ತಿ ನಿಂತರೆ ಮಾತ್ರ ನೆಟ್‌ವರ್ಕು. ಅಮ್ಮ ಕೊಡೆ ಹಿಡಿದುಕೊಂಡು ದರೆ ಮೇಲೆ, ನಾನು ಬೆಂಗಳೂರಿನ ರೂಮಿನಲ್ಲಿ. ಡಾಕ್ಟರಿಗೆ ಸುದ್ದಿ ಮುಟ್ಟಿ ಅವರು ನಮ್ಮನೆ ತಲುಪುವಾಗ ಹನ್ನೊಂದು ಗಂಟೆ. ಅಲ್ಲಿಯವರೆಗೆ ಚಿಕ್ಕಪ್ಪ ಮತ್ತು ಅಮ್ಮ ಗೋಣಿಚೀಲ ಹೊದಿಸಿ, ದನ ಪೂರಾ ಅಡ್ಡ ಬೀಳದ ಹಾಗೆ ಹುಲ್ಲಿನ ಕಟ್ಟು ಒತ್ತಿ ಕೂತಿದ್ದರಂತೆ. ಪಕ್ಕದ ಮನೆಯವರು ಬಂದು ಗೊಟ್ಟದಲ್ಲಿ ಕ್ಯಾಲ್ಸಿಯಂ ಕುಡಿಸೋಣ ಅಂದಾಗ ಚಿಕ್ಕಪ್ಪ ಬೇಡ ಅಂದರು. ಅವರು ಬೇಡ ಅಂದದ್ದು ಎಷ್ಟು ಒಳ್ಳೆಯದಾಯಿತು ಅಂತ ಡಾಕ್ಟರು ಆಮೇಲೆ ಹೇಳಿದರು. ಆ ಸ್ಥಿತಿಯಲ್ಲಿ ದನಕ್ಕೆ ನುಂಗುವ ಶಕ್ತಿ ಇರುವುದಿಲ್ಲ, ಕುಡಿಸಿದ್ದು ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ.

ಡಾಕ್ಟರು ಕುತ್ತಿಗೆಯ ನರಕ್ಕೆ ನಿಧಾನವಾಗಿ ಒಂದು ಬಾಟಲಿ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಹಾಕಿದರು. ಹಾಕುವಾಗ ಎದೆಗೆ ಕೊಳವೆ ಇಟ್ಟು ಬಡಿತ ಕೇಳುತ್ತಲೇ ಇದ್ದರಂತೆ, ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು. ಬಾಟಲಿ ಮುಗಿಯುವಷ್ಟರಲ್ಲಿ ಕೆಂಪಿಯ ಮೈ ನಡುಗಿತು, ತೇಗಿತು, ಸಗಣಿ ಹಾಕಿತು. ಇನ್ನರ್ಧ ಗಂಟೆಗೆ ಎದ್ದು ನಿಂತಿತು. ಅಮ್ಮ ಇವತ್ತಿಗೂ ಅದನ್ನು ಪವಾಡದ ಹಾಗೆ ಹೇಳುತ್ತಾರೆ.

ಇದೇ ಹಾಲು ಜ್ವರ. ಹೆಸರಿನಲ್ಲಿ ಜ್ವರ ಇದೆಯೇ ಹೊರತು ಮೈ ಬಿಸಿ ಇರುವುದಿಲ್ಲ, ತಣ್ಣಗಿರುತ್ತದೆ. ಕರು ಹಾಕಿದ ಮೊದಲ ಮೂರು ದಿನದಲ್ಲೇ ಹೆಚ್ಚು. ಮೂರನೇ ಕರುವಿನ ಆಮೇಲೆ ಹೆಚ್ಚು, ಜರ್ಸಿಯಲ್ಲಿ ಇನ್ನೂ ಹೆಚ್ಚು. ಇದರ ಚರಿತ್ರೆ ಕೂಡ ಮಜವಾಗಿದೆ. 1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್ ಊರಿನ ಶ್ಮಿಟ್ ಅನ್ನುವ ಪಶುವೈದ್ಯ, ಕೆಚ್ಚಲಿನಲ್ಲಿ ವಿಷ ಹುಟ್ಟುತ್ತದೆ ಅಂದುಕೊಂಡು ಮೊಲೆಯೊಳಗೆ ಔಷಧಿ ಏರಿಸಿದ. ಬಿದ್ದ ದನಗಳು ಏಳತೊಡಗಿದವು. ಆಮೇಲೆ ಬರೀ ಗಾಳಿ ಹೊಡೆದರೂ ಏಳುತ್ತವೆ ಅಂತ ಗೊತ್ತಾಗಿ ಪಂಪು ಹಿಡಿದು ಕೆಚ್ಚಲಿಗೆ ಗಾಳಿ ಹೊಡೆಯತೊಡಗಿದರು! ಕೆಚ್ಚಲಿನಲ್ಲಿ ಒತ್ತಡ ಹೆಚ್ಚಿ ಹಾಲು ಇಳಿಯುವುದು ನಿಂತರೆ ರಕ್ತದ ಕ್ಯಾಲ್ಸಿಯಂ ಸೋರುವುದೂ ನಿಲ್ಲುತ್ತದೆ. ಮದ್ದು ಸರಿ, ಕಾರಣ ಮಾತ್ರ ತಪ್ಪು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದೇ ಮೂಲ ಅಂತ ಎಡಿನ್‌ಬರೋದ ಡ್ರೈಯರ್ ಮತ್ತು ಗ್ರೆಗ್ ಅನ್ನುವವರು ಹೇಳಿದ್ದು 1925ರಲ್ಲಿ.

ಸರಿ, ಹಾಗಾದರೆ ಒಂದು ತಿಂಗಳು ಕ್ಯಾಲ್ಸಿಯಂ ಕುಡಿದ ದನ ಕ್ಯಾಲ್ಸಿಯಂ ಇಲ್ಲದೆ ಬಿದ್ದದ್ದು ಹೇಗೆ? ನನ್ನ ತಲೆ ತಿಂದದ್ದು ಈ ಪ್ರಶ್ನೆ. ಆ ವೀಕೆಂಡು ಎಕ್ಸೆಲ್ ಶೀಟು ತೆರೆದು ಕೂತೆ.

ಒಂದು ಲೀಟರು ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ. ಹತ್ತು ಲೀಟರಿಗೆ 12 ಗ್ರಾಂ. ಗಿಣ್ಣದ ಹಾಲಿನಲ್ಲಿ ಇನ್ನೂ ಹೆಚ್ಚು, ಲೀಟರಿಗೆ 2 ಗ್ರಾಂ ಆಸುಪಾಸು. ಕೆಂಪಿಯಂಥ ದನದ ರಕ್ತದಲ್ಲಿ ಯಾವುದೇ ಕ್ಷಣಕ್ಕೆ ಓಡಾಡುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಮಾತ್ರ. ಅಂದರೆ ಕರು ಹಾಕಿದ ದಿನ ರಕ್ತದ ಕ್ಯಾಲ್ಸಿಯಂ ಮತ್ತೆ ಮತ್ತೆ ಖಾಲಿಯಾಗಿ ಮತ್ತೆ ಮತ್ತೆ ತುಂಬಬೇಕು. ಹಿಂದಿನ ದಿನದವರೆಗೆ ಇಂಥ ಕೆಲಸವೇ ಇರಲಿಲ್ಲ. ಮೂಳೆಯಲ್ಲಿ ಕೇಜಿಗಟ್ಟಲೆ ಇದೆ, ಆದರೆ ಅದನ್ನು ತೆಗೆಯುವ ವ್ಯವಸ್ಥೆ ಚಾಲೂ ಆಗಲು ಒಂದೆರಡು ದಿನ ಬೇಕು.

ಹಾಲು ಕೊಡುವ ದಿನಗಳ ಲೆಕ್ಕ ಬೇರೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಹತ್ತು ಲೀಟರು ಕೊಡುವ ಕೆಂಪಿಗೆ ದಿನಕ್ಕೆ ಹತ್ತಿರ ಹತ್ತಿರ 40 ಗ್ರಾಂ ಕ್ಯಾಲ್ಸಿಯಂ ಬಾಯಿಗೆ ಹೋಗಬೇಕು. ಅಮ್ಮ ಹಾಕುವ ಹುಲ್ಲು, ತೌಡು, ಹಸಿ ಹುಲ್ಲು ಎಲ್ಲ ಕೂಡಿಸಿದರೆ ಇಪ್ಪತ್ತು ಇಪ್ಪತ್ತೈದು ಗ್ರಾಂ ದಾಟಲಿಲ್ಲ. ಭತ್ತದ ಹುಲ್ಲಿನಲ್ಲಿ ಇರುವ ಆಕ್ಸಲೇಟು ಇದ್ದ ಕ್ಯಾಲ್ಸಿಯಂನ್ನೂ ಸ್ವಲ್ಪ ಕಟ್ಟಿಹಾಕುತ್ತದೆ. ತೌಡಿನಲ್ಲಿ ರಂಜಕ ಚೆನ್ನಾಗಿದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಸರಿ, ದಿನಕ್ಕೆ 15 ಗ್ರಾಂ ಕೊರತೆ ಅಂತ ಇಟ್ಟುಕೊಳ್ಳಿ. ಈಗ ಇದನ್ನು ಯಾವುದರಿಂದ ತುಂಬಬಹುದು ನೋಡೋಣ.

ಸುಣ್ಣದ ತಿಳಿನೀರು: ನಮ್ಮ ಕಡೆ ತುಂಬಾ ಜನ ಕೊಡುತ್ತಾರೆ. ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ, ಲೀಟರಿಗೆ ಹೆಚ್ಚೆಂದರೆ ಒಂದು ಮುಕ್ಕಾಲು ಗ್ರಾಂ. ಅದರಲ್ಲಿ ಕ್ಯಾಲ್ಸಿಯಂ ಒಂದು ಗ್ರಾಮಿಗಿಂತ ಕಡಿಮೆ. ಒಂದು ಲೀಟರು ಹಾಲಿನಲ್ಲಿ ಹೋದದ್ದು ಒಂದು ಲೀಟರು ತಿಳಿನೀರಿನಿಂದ ವಾಪಸ್ಸು ಬರುವುದಿಲ್ಲ.

ರಾಗಿ ಗಂಜಿ: ಬಾಣಂತಿ ದನಕ್ಕೆ ಒಳ್ಳೆಯದು ಅಂತ ಕೊಡುತ್ತಾರೆ. ಧಾನ್ಯಗಳಲ್ಲಿ ರಾಗಿಯಷ್ಟು ಕ್ಯಾಲ್ಸಿಯಂ ಇನ್ನೊಂದರಲ್ಲಿಲ್ಲ, ನಿಜ. ಆದರೂ ಒಂದು ಕೇಜಿ ರಾಗಿಯಲ್ಲಿ ಮೂರೂವರೆ ಗ್ರಾಂ ಮಾತ್ರ. ಗಂಜಿ ಶಕ್ತಿಗೆ ಕೊಡಿ, ಕ್ಯಾಲ್ಸಿಯಂ ಲೆಕ್ಕಕ್ಕೆ ಸೇರಿಸಬೇಡಿ.

ಅಂಗಡಿಯ ಬಾಟಲಿ: ನಮ್ಮನೆಯಲ್ಲಿದ್ದ ಬಾಟಲಿಯ ಲೇಬಲ್ಲಿನ ಪ್ರಕಾರ 100 ಮಿಲಿಯಲ್ಲಿ ಇದ್ದದ್ದು ಸುಮಾರು ಮೂರೂವರೆ ಗ್ರಾಂ ಕ್ಯಾಲ್ಸಿಯಂ. ದಿನದ ಡೋಸು ಅದೇ 100 ಮಿಲಿ. ಅಂದರೆ ಒಂದು ಕೇಜಿ ರಾಗಿಯಷ್ಟೇ!

ಖನಿಜ ಮಿಶ್ರಣ, ಅಂದರೆ ಮಿನರಲ್ ಮಿಕ್ಸ್ಚರ್ ಪುಡಿ: ಇದಕ್ಕೆ ಭಾರತೀಯ ಮಾನಕ ಬ್ಯೂರೋದ ಮಾನಕವಿದೆ, ಐಎಸ್ 1664 ಅಂತ. ಅದರ ಪ್ರಕಾರ ಉಪ್ಪು ಸೇರಿಸದ ಮಿಶ್ರಣದಲ್ಲಿ ಕ್ಯಾಲ್ಸಿಯಂ ಕನಿಷ್ಠ 20 ಶೇಕಡಾ, ರಂಜಕ ಕನಿಷ್ಠ 12 ಶೇಕಡಾ ಇರಬೇಕು. ಜೊತೆಗೆ ಮೆಗ್ನೀಸಿಯಂ, ಸತು, ತಾಮ್ರ, ಮ್ಯಾಂಗನೀಸ್, ಅಯೋಡಿನ್, ಕೋಬಾಲ್ಟ್. ದಿನಕ್ಕೆ 100 ಗ್ರಾಂ ಹಾಕಿದರೆ 20 ಗ್ರಾಂ ಕ್ಯಾಲ್ಸಿಯಂ. ಕೊರತೆ ತುಂಬಿತು, ಲೆಕ್ಕ ಮುಗಿಯಿತು.

ಗೋಡೆ ತುಂಬ ಇರುವ ಆ ಬಣ್ಣಬಣ್ಣದ ಬಾಟಲಿಗಳ ಮುಂದೆ ಮೂಲೆಯಲ್ಲಿ ಬಿದ್ದಿರುವ ಬೂದಿ ಬಣ್ಣದ ಪುಡಿಯನ್ನು ಯಾರೂ ಕೇಳುವುದಿಲ್ಲ. ಕೆಎಂಎಫ್‌ನವರ ಖನಿಜ ಮಿಶ್ರಣ ಹಾಲಿನ ಸೊಸೈಟಿಯಲ್ಲೇ ಸಿಗುತ್ತದೆ, ಹಿಂಡಿ ಚೀಲದ ಜೊತೆಗೇ ತರಬಹುದು. ಇದನ್ನು ಹೇಳಿದಾಗ ಅಮ್ಮ ಅಂದದ್ದು, "ಪುಡಿ ಹಾಕಿದ್ರೆ ಅದು ಮೂಸಿ ನೋಡಿ ಬಿಡ್ತದೆ. ಟಾನಿಕ್ಕಾದ್ರೆ ಸಿಹಿ, ಚಪ್ಪರಿಸಿ ಕುಡೀತದೆ." ಸಿಹಿ ಅಮ್ಮನಿಗೂ ಇಷ್ಟ, ದನಕ್ಕೂ ಇಷ್ಟ, ಕಂಪನಿಗೂ ಇಷ್ಟ. ನಾವು ಮಾಡಿದ ಉಪಾಯ ಇಷ್ಟೇ. ಮೊದಲ ವಾರ 20 ಗ್ರಾಂ, ಒದ್ದೆ ಮಾಡಿದ ತೌಡು-ಹಿಂಡಿ ಜೊತೆ ಕಲಸಿ. ಆಮೇಲೆ ನಿಧಾನಕ್ಕೆ ಏರಿಸಿ. ಮೂರನೇ ವಾರಕ್ಕೆ ಕೆಂಪಿ ಬಾನಿ ನೆಕ್ಕಿ ಖಾಲಿ ಮಾಡತೊಡಗಿತು.

ಇನ್ನು ಲೇಬಲ್ಲಿನಲ್ಲಿ ಕಾಣುವ ಬೇರೆ ಹೆಸರುಗಳು. ಬಿ12 ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ದನದ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬಿ12 ಅನ್ನು ತಾವೇ ತಯಾರು ಮಾಡುತ್ತವೆ, ಅವಕ್ಕೆ ಬೇಕಾದದ್ದು ಚೂರು ಕೋಬಾಲ್ಟು. ಅದು ಪುಡಿಯಲ್ಲಿದೆ. ಮೇವು ಸರಿಯಾಗಿ ತಿನ್ನುವ ದನಕ್ಕೆ ಬಿ12 ದುಡ್ಡು ಕೊಟ್ಟು ಕೊಳ್ಳುವ ಅಗತ್ಯ ಇಲ್ಲ. ಡಿ3 ಬಿಸಿಲಿನಿಂದ ಚರ್ಮದಲ್ಲೇ ಆಗುತ್ತದೆ. ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲೆಲ್ಲಿ? ಕಟ್ಟಿಹಾಕಿದ ದನಕ್ಕಂತೂ ಇಲ್ಲವೇ ಇಲ್ಲ. ಮಳೆ ಬಿಟ್ಟ ದಿನ ಒಂದೆರಡು ಗಂಟೆ ಅಂಗಳದಲ್ಲಿ ಕಟ್ಟಿದರೆ ಅದಕ್ಕಿಂತ ಅಗ್ಗದ ಟಾನಿಕ್ಕಿಲ್ಲ. ಹಾಲು ಹೆಚ್ಚಿಸುವ ಪುಡಿಗಳಲ್ಲಿ ಶತಾವರಿ, ಮೆಂತ್ಯ ಅಂತ ಇರುತ್ತದೆ. ಶತಾವರಿ ಅಂದರೆ ನಮ್ಮ ಬೇಲಿಯಲ್ಲೇ ಇರುವ ಹಲವು ಮಕ್ಕಳ ತಾಯಿ ಬೇರು. ಅಜ್ಜಿ ಅದನ್ನು ಜಜ್ಜಿ ಕೊಡುತ್ತಿದ್ದರು. ಕೊಡುವುದಾದರೆ ಕೊಡಿ, ಆದರೆ ಖನಿಜದ ಕೊರತೆ ಇರುವ ದನದಿಂದ ಹಾಲು ಹೆಚ್ಚು ಎಳೆದರೆ ಕೊರತೆಯೂ ಹೆಚ್ಚಾಗುತ್ತದೆ.

ತೀರ್ಥಹಳ್ಳಿ ಹತ್ತಿರ ನಮ್ಮ ಅತ್ತೆ ಮನೆ. ಅಲ್ಲಿಗೆ ಹೋದಾಗ ಅವರ ದನವೊಂದು ಎಲ್ಲಿಂದಲೋ ಎಳೆದು ತಂದ ಒಣ ಮೂಳೆಯನ್ನು ಗಂಟೆಗಟ್ಟಲೆ ಕಡಿಯುತ್ತಾ ನಿಂತಿತ್ತು. ಅತ್ತೆಗೆ ಅದೊಂದು ಅಪಶಕುನ. "ಎಂಥದೋ ಇದು ಹಸು ಆಗಿ ಎಲುಬು ತಿಂಬದು!" ದನ ಮೂಳೆ ಕಡಿಯುವುದು ರಂಜಕದ ಹಸಿವಿನ ಗುರುತು. ದಕ್ಷಿಣ ಆಫ್ರಿಕಾದಲ್ಲಿ ಅರ್ನಾಲ್ಡ್ ಥೈಲರ್ ಅನ್ನುವ ವಿಜ್ಞಾನಿ 1910-20ರ ದಶಕಗಳಲ್ಲಿ ಇದನ್ನು ಕಂಡುಹಿಡಿದರು. ಅಲ್ಲಿ ದನಗಳು ಕಾಲು ಸೋತು ಸಾಯುತ್ತಿದ್ದವು. ನೋಡಿದರೆ ಮಣ್ಣಿನಲ್ಲಿ ರಂಜಕವಿಲ್ಲ, ಅದಕ್ಕೆ ಹುಲ್ಲಿನಲ್ಲಿಲ್ಲ, ಅದಕ್ಕೆ ದನ ಕಾಡಿನಲ್ಲಿ ಬಿದ್ದ ಮೂಳೆ ಕಡಿಯುತ್ತದೆ, ಆ ಕೊಳೆತ ಮೂಳೆಯ ವಿಷದಿಂದ ಸಾಯುತ್ತದೆ. ಮೇವಿನ ಜೊತೆ ರಂಜಕ ಸಿಕ್ಕ ದನಗಳು ಮೂಳೆ ಮುಟ್ಟುವುದನ್ನೇ ಬಿಟ್ಟವು. ಅತ್ತೆಯ ದನಕ್ಕೆ ಬರೀ ಒಣ ಹುಲ್ಲು, ತೌಡು ಹಾಕುತ್ತಿದ್ದದ್ದು ಅಪರೂಪ. ಅದಕ್ಕೆ ಬೇಕಾಗಿದ್ದದ್ದು ದಿನಕ್ಕೊಂದೆರಡು ಸೇರು ತೌಡು, ಒಂದು ಹಿಡಿ ಖನಿಜ ಮಿಶ್ರಣ. ಶಾಂತಿ ಮಾಡಿಸುವುದು ಬೇಡ ಅಂತ ಅತ್ತೆಯನ್ನು ಒಪ್ಪಿಸಿದ್ದು ಮಾತ್ರ ದೊಡ್ಡ ಕೆಲಸ!

ಅಮ್ಮನಿಗೆ ಈ ಕಥೆ ಹೇಳಿದ ತಕ್ಷಣ ಬಂದ ಪ್ರಶ್ನೆ: "ಆ ಪುಡೀಲಿ ಎಲುಬು ಇರ್ತದಾ?" ರಂಜಕಕ್ಕೆ ಹಾಕುವುದು ಡಿಸಿಪಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟು. ಅದನ್ನು ಕಲ್ಲಿನಿಂದಲೂ ಮಾಡುತ್ತಾರೆ, ಮೂಳೆಯಿಂದಲೂ ಮಾಡುತ್ತಾರೆ. ಹುಲ್ಲು ತಿನ್ನುವ ದನಕ್ಕೆ ಮಾಂಸ-ಮೂಳೆಯ ಹಿಟ್ಟು ತಿನ್ನಿಸಿ ಬ್ರಿಟನ್ನಿನಲ್ಲಿ ಹುಚ್ಚು ದನದ ಕಾಯಿಲೆ ಹರಡಿದ್ದು ಗೊತ್ತಲ್ಲ, 1986ರಲ್ಲಿ ಅದನ್ನು ಗುರುತಿಸಿದ್ದು. ಹಾಗಾಗಿ ಇದು ಮಡಿಯ ಪ್ರಶ್ನೆ ಮಾತ್ರ ಅಲ್ಲ. ಪ್ಯಾಕೆಟ್ಟಿನ ಮೇಲೆ ಏನು ಬರೆದಿದೆ ಓದಿ, ಇಲ್ಲದಿದ್ದರೆ ಕೇಳಿ ತೆಗೆದುಕೊಳ್ಳಿ. ಕಲ್ಲಿನದ್ದಾದರೆ ಫ್ಲೋರಿನ್ ಎಷ್ಟು ಅನ್ನುವುದೂ ಮುಖ್ಯ. ಐಎಸ್ ಮಾನಕದಲ್ಲಿ ಅದಕ್ಕೆ ಮೇಲ್ಮಿತಿ ಇದೆ, ಮುದ್ರೆ ಇಲ್ಲದ ಬಿಡಿ ಪುಡಿ ಬೇಡ ಅನ್ನುವುದು ಅದಕ್ಕೇ. ಪುಡಿಯಲ್ಲಿ ಬರೀ ಕ್ಯಾಲ್ಸಿಯಂ ಬರೆದು ರಂಜಕ ಬರೆಯದಿದ್ದರೆ ನೀವು ದುಡ್ಡು ಕೊಟ್ಟು ತರುತ್ತಿರುವುದು ಸುಣ್ಣದ ಕಲ್ಲಿನ ಪುಡಿ ಅಂತ ತಿಳಿಯಿರಿ.

ಉಪ್ಪಿನ ವಿಷಯ ಮರೆಯಬಾರದು. ಮಲೆನಾಡಿನ ದನಗಳು ಒಗೆದು ಒಣಹಾಕಿದ ಬಟ್ಟೆ ತಿನ್ನುವುದು, ಬೆವರಿದ ಕೈ ನೆಕ್ಕುವುದು, ಬಚ್ಚಲಿನ ಹಿಂದೆ ಹೋಗಿ ನಿಲ್ಲುವುದು, ಇವೆಲ್ಲ ಉಪ್ಪಿನ ಹಸಿವೇ. ಹುಲ್ಲಿನಲ್ಲಿ ಸೋಡಿಯಂ ತೀರಾ ಕಡಿಮೆ. ದಿನಕ್ಕೆ ಮೂವತ್ತು ಗ್ರಾಂ, ಅಂದರೆ ಸಣ್ಣ ಮುಷ್ಟಿ ಉಪ್ಪು. ಅಜ್ಜ ಹಾಕುತ್ತಿದ್ದ ಮುಷ್ಟಿ ಉಪ್ಪು ಸರಿಯಾದ ಡೋಸೇ ಆಗಿತ್ತು. ಈಗ ಅಯೋಡಿನ್ ಉಪ್ಪು ಹಾಕಿದರಾಯಿತು.

ಇನ್ನೊಂದು ನಮ್ಮ ಕಡೆಗೇ ಮೀಸಲಾದ ವಿಷಯ, ತಾಮ್ರ. ತಾಮ್ರ ಕಡಿಮೆಯಾದರೆ ಕಪ್ಪು ದನದ ಕೂದಲು ಕೆಂಚಾಗುತ್ತದೆ, ಕಣ್ಣಿನ ಸುತ್ತ ಕನ್ನಡಕ ಹಾಕಿದ ಹಾಗೆ ಬಣ್ಣ ಮಾಸುತ್ತದೆ. ಅದಕ್ಕೆ ತಾಮ್ರದ ಮಾತ್ರೆ, ಪುಡಿ ಬೇರೆ ಸಿಗುತ್ತವೆ. ಆದರೆ ಅಡಿಕೆ ತೋಟದ ಹುಲ್ಲು ತಿನ್ನುವ ದನಕ್ಕೆ ಡಾಕ್ಟರು ಹೇಳದೆ ಅದನ್ನು ಕೊಡಲೇಬೇಡಿ. ಕಾರಣ ಕೊಳೆ ಔಷಧಿ. ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಆಸುಪಾಸಿನಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋರಿಸಿಕೊಟ್ಟಾಗಿನಿಂದ ನಮ್ಮ ತೋಟಕ್ಕೆ ವರ್ಷವರ್ಷ ಮೈಲುತುತ್ತ ಬೀಳುತ್ತಲೇ ಇದೆ. ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ, ಅದರ ಕಾಲು ಭಾಗ ತಾಮ್ರ. ಕೊನೆಯಿಂದ ತೊಟ್ಟಿಕ್ಕಿದ್ದು ಕೆಳಗಿನ ಹುಲ್ಲಿಗೇ ತಾನೇ ಬೀಳುವುದು? ತಾಮ್ರ ಹೆಚ್ಚಾದರೂ ವಿಷವೇ. ನಮ್ಮನೆಯಲ್ಲಿ ಔಷಧಿ ಹೊಡೆದ ತೋಟದ ಹುಲ್ಲನ್ನು ಎರಡು ಮೂರು ಒಳ್ಳೆ ಮಳೆ ಬೀಳುವವರೆಗೆ ಕೊಯ್ಯುವುದಿಲ್ಲ. ಈ ಎಚ್ಚರಿಕೆ ಯಾವ ಪ್ಯಾಕೆಟ್ಟಿನ ಹಿಂದೆಯೂ ಇರುವುದಿಲ್ಲ, ಪ್ಯಾಕೆಟ್ಟು ಮಾಡಿದವರಿಗೆ ನಮ್ಮ ತೋಟ ಗೊತ್ತಿಲ್ಲ.

ಈಗ ಬಾಕಿ ಉಳಿದ ಪ್ರಶ್ನೆ. ಗಬ್ಬದ ಕೊನೇ ತಿಂಗಳು ಕ್ಯಾಲ್ಸಿಯಂ ಕೊಟ್ಟರೂ ದನ ಬಿದ್ದದ್ದು ಯಾಕೆ? ಉತ್ತರ ಕೇಳಿದರೆ ತಲೆಕೆಳಗು ಅನ್ನಿಸುತ್ತದೆ. ಹಾಲು ಬತ್ತಿಸಿದ ದನಕ್ಕೆ ಕ್ಯಾಲ್ಸಿಯಂ ಖರ್ಚು ತೀರಾ ಕಡಿಮೆ. ಆಗ ಬಾಯಿಂದ ಧಾರಾಳವಾಗಿ ಬರುತ್ತಿದ್ದರೆ ಮೂಳೆಯಿಂದ ತೆಗೆಯುವ, ಕರುಳಿನಿಂದ ಹೀರುವ ವ್ಯವಸ್ಥೆ ನಿದ್ದೆಗೆ ಜಾರುತ್ತದೆ. ಕರು ಹಾಕಿದ ದಿನ ಒಮ್ಮೆಲೇ ಬೇಡಿಕೆ ಬಂದಾಗ ಅದು ಏಳುವಷ್ಟರಲ್ಲಿ ದನ ಬಿದ್ದಿರುತ್ತದೆ. ಕರು ಹಾಕುವ ಮೊದಲು ಕ್ಯಾಲ್ಸಿಯಂ ಕಡಿಮೆ ಕೊಟ್ಟರೆ ಹಾಲು ಜ್ವರ ಕಡಿಮೆಯಾಗುತ್ತದೆ ಅಂತ ಕ್ಯಾಲಿಫೋರ್ನಿಯಾದ ಬೋಡಾ ಮತ್ತು ಕೋಲ್ 1954ರಲ್ಲೇ ಪ್ರಕಟಿಸಿದ್ದಾರೆ. ಎಪ್ಪತ್ತು ವರ್ಷ ದಾಟಿತು! ನಮ್ಮೂರಿಗೆ ಇನ್ನೂ ಬಂದಿಲ್ಲ.

ಇದನ್ನು ಅಮ್ಮನಿಗೆ ಹೇಳುವುದು ಸುಲಭವಿರಲಿಲ್ಲ. 2024ರ ದೀಪಾವಳಿಗೆ ಹೋದಾಗ ಕೆಂಪಿಗೆ ದಿನ ತುಂಬುತ್ತಾ ಬಂದಿತ್ತು. ಗೋಪೂಜೆ ಮುಗಿಸಿ ಕೊಟ್ಟಿಗೆ ಕಟ್ಟೆ ಮೇಲೆ ಕೂತು ಹೇಳಿದೆ, ಇನ್ನು ಕರು ಹಾಕುವವರೆಗೆ ಕ್ಯಾಲ್ಸಿಯಂ ಬೇಡ ಅಂತ. ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

"ಬಸುರಿಗೆ ಕೊಡಬ್ಯಾಡ ಅಂತೀಯಲ್ಲ, ನೀ ನೋಡ್ಕಳ್ತೀಯಾ? ಬಿದ್ರೆ ನಿನ್ನ ಲ್ಯಾಪ್‌ಟಾಪು ಎಬ್ಬಿಸ್ತದಾ?"

ಸರಿಯಾದ ಮಾತು. ಮಳೆಯಲ್ಲಿ ದರೆ ಮೇಲೆ ನಿಂತವರು ಅವರು, ನಾನಲ್ಲ. ಆಗ ನಾನು ವಾದ ಮಾಡುವುದು ಬಿಟ್ಟು ಡಾಕ್ಟರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಡಾಕ್ಟರು ಹೇಳಿದ್ದು ಹೀಗೆ: "ಅಮ್ಮಾ, ನಿಮ್ಮ ಮಗ ಹೇಳಿದ್ದು ಸರಿ ಇದೆ. ಕೊನೇ ಮೂರು ವಾರ ಕ್ಯಾಲ್ಸಿಯಂ ಬಾಟ್ಲಿ ಬೇಡ, ಸುಣ್ಣದ ನೀರೂ ಬೇಡ. ಖನಿಜ ಮಿಶ್ರಣ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಅದರಲ್ಲಿರೋ ಮೆಗ್ನೀಸಿಯಂ ಬೇಕು. ಕರು ಹಾಕಿದ ತಕ್ಷಣ, ದನ ಎದ್ದು ನಿಂತು ನೀರು ಕುಡೀತಾ ಇದ್ರೆ ಮಾತ್ರ, ನಾನು ಕೊಡೋ ಕ್ಯಾಲ್ಸಿಯಂ ಜೆಲ್ ಬಾಯಿಗೆ ಹಾಕಿ. ಹನ್ನೆರಡು ಗಂಟೆ ಬಿಟ್ಟು ಇನ್ನೊಂದು. ಮೊದಲ ಎರಡು ದಿನ ಕೆಚ್ಚಲು ಪೂರ್ತಿ ಹಿಂಡಬೇಡಿ, ಕರುವಿಗೆ ಬೇಕಾದಷ್ಟು ಹಿಂಡಿ. ಕಿವಿ ಮುಟ್ಟಿ ನೋಡ್ತಾ ಇರಿ."

ಡಾಕ್ಟರು ಹೇಳಿದ ಮೇಲೆ ಅಮ್ಮನಿಗೆ ಅ‍ರ್ಧ ಸಮಾಧಾನ. ನವೆಂಬರ್ ಮಧ್ಯದಲ್ಲಿ ಕೆಂಪಿ ಕರು ಹಾಕಿತು. ಮತ್ತೆ ಹೆಣ್ಣು ಕರು. ಅಮ್ಮ ಎರಡು ರಾತ್ರಿ ಎರಡೆರಡು ಗಂಟೆಗೆ ಟಾರ್ಚು ಹಿಡಿದು ಹೋಗಿ ಕಿವಿ ಮುಟ್ಟಿ ನೋಡಿದರಂತೆ. ಕಿವಿ ಬೆಚ್ಚಗಿತ್ತು, ದನ ಬೀಳಲಿಲ್ಲ.

ಒಂದು ದನ ಒಂದು ಸಲ ಬೀಳಲಿಲ್ಲ ಅಂದರೆ ಏನೂ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಅಮ್ಮನ ಪ್ರಕಾರ ಈ ಸಲ ಮಳೆ ಇರಲಿಲ್ಲ, ಥಂಡಿ ಹಿಡಿಯಲಿಲ್ಲ, ಅದಕ್ಕೇ ಬೀಳಲಿಲ್ಲ. ಇರಲಿ. ಆದರೆ ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ಮುಂದಿನ ಗಬ್ಬದ ದಿನ ಲೆಕ್ಕ ಹಾಕಿ, ಕೊನೇ ಮೂರು ವಾರಕ್ಕೆ ಅವರೇ ಪೆನ್ನಿನಲ್ಲಿ ಗೀಟು ಎಳೆದು "ಬಾಟ್ಲಿ ಇಲ್ಲ" ಅಂತ ಬರೆದಿದ್ದಾರೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ದನ ಏನೇನು ತಿನ್ನುತ್ತದೆ? ದಿನಕ್ಕೆ ಎಷ್ಟು ಹಾಲು ಕೊಡುತ್ತದೆ? ಕರು ಹಾಕಲು ಎಷ್ಟು ದಿನ ಇದೆ? ಈ ಮೂರೂ ಗೊತ್ತಿಲ್ಲದೆ ತಂದ ಬಾಟಲಿ ಎಷ್ಟು ದುಬಾರಿಯದ್ದಾದರೂ ಊಹೆಯೇ. ನಮ್ಮ ಚುಕ್ಕಿಗೆ ಇವತ್ತಿಗೂ ಉಪ್ಪು ಮತ್ತು ಒಂದು ಚಮಚ ಖನಿಜ ಮಿಶ್ರಣ ಮಾತ್ರ. ಎರಡು ಲೀಟರು ಕೊಡುವ ಅದಕ್ಕೆ ಅಷ್ಟು ಸಾಕು. ಬಿದ್ದ ದನಕ್ಕೆ ಮಾತ್ರ ಬಾಯಿಗೆ ಏನೂ ಕುಡಿಸಬೇಡಿ, ಡಾಕ್ಟರನ್ನು ಕರೆಸಿ. ಪಶು ಆಂಬುಲೆನ್ಸಿನ ನಂಬರು 1962, ಕೊಟ್ಟಿಗೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ.

ನಿಮ್ಮನೆ ಕೊಟ್ಟಿಗೆಯಲ್ಲಿ ಏನು ಕೊಡುತ್ತೀರಿ, ಅದರಿಂದ ಏನಾಯಿತು, ಬರೆದು ತಿಳಿಸಿ. ಅಮ್ಮನಿಗೆ ಓದಿ ಹೇಳುತ್ತೇನೆ. ನನ್ನ ಎಕ್ಸೆಲ್ ಶೀಟಿಗಿಂತ ಇನ್ನೊಬ್ಬರ ಮನೆ ದನದ ಸುದ್ದಿಯನ್ನು ಅವರು ಬೇಗ ನಂಬುತ್ತಾರೆ :)